ದಾರಿ ಬಂತು, ಮೀನು ಹೋಯ್ತು: ಐಸ್‌ಲ್ಯಾಂಡಿನ ಉತ್ತರ ತೀರದಲ್ಲಿ ಒಂದು ರೋಡ್ ಟ್ರಿಪ್

1/9

ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಆ ಕಂಬಕಲ್ಲುಗಳ ಮೇಲೆ ನಿಂತು ಫೋಟೋ ತೆಗೆದಿರ್ತೀರಿ. ಯಾರೋ ಅಳತೆ ಹಿಡಿದು ಕತ್ತರಿಸಿ ಜೋಡಿಸಿದ ಹಾಗೆ ಉಂಟಲ್ಲ ಆ ಕಲ್ಲು, ಅದು 8 ಕೋಟಿಗೂ ಹೆಚ್ಚು ವರ್ಷದ ಹಿಂದೆ ಹರಿದ ಲಾವಾ. ಬಿಸಿ ಲಾವಾ ನಿಧಾನಕ್ಕೆ ತಣಿದು ಕುಗ್ಗುವಾಗ, ಒಣಗಿದ ಕೆರೆಯ ಕೆಸರು ಬಿರುಕು ಬಿಡ್ತದಲ್ಲ, ಹಾಗೆ ಬಿರುಕು ಬಿಟ್ಟು ಕಂಬ ಕಂಬವಾಗಿ ನಿಲ್ತದೆ.

ಇಂಥದ್ದೇ ಕಂಬಗಳ ಕಡಲತೀರ ಇನ್ನೊಂದುಂಟು. ಐಸ್‌ಲ್ಯಾಂಡಿನ ಉತ್ತರದಲ್ಲಿ, ಹೋಫ್ಸೋಸ್ ಎಂಬ ಪುಟ್ಟ ಊರಲ್ಲಿ. ಅಲ್ಲಿಂದ ಅಕುರೇರಿ ಎಂಬ ಪಟ್ಟಣದವರೆಗೆ ಕಡಲಂಚಿಗೇ ಒಂದು ದಾರಿ ಹೋಗ್ತದೆ. ಹೆಚ್ಚೆಂದರೆ ನೂರ ನಲವತ್ತು ಕಿ.ಮೀ. ಇವತ್ತು ನಾವು ಹೋಗುವುದು ಅದರಲ್ಲಿ.

ಮೊದಲೇ ಹೇಳಿಬಿಡ್ತೇನೆ, ನಾನು ಅಲ್ಲಿಗೆ ಹೋದವನಲ್ಲ. ಮೊದಲ ಚಿತ್ರದಲ್ಲಿ ಇರುವುದು ನಾನೇ ಪೆನ್ಸಿಲಲ್ಲಿ ಬರೆದ ಮ್ಯಾಪ್. ಪಾಸ್‌ಪೋರ್ಟ್ ಬೇಡ, ಬೆರಳು ಸಾಕು. ಆದ್ರೆ ಈ ದಾರಿಯ ಇತಿಹಾಸ ಓದ್ತಾ ಓದ್ತಾ ನಮ್ಮ ಮನೆಯ ಒಂದು ಹಳೇ ಜಗಳ ನೆನಪಾಯ್ತು. ಅದನ್ನು ಕೊನೆಗೆ ಹೇಳ್ತೇನೆ. ಈಗ ಸೀಟ್ ಬೆಲ್ಟ್ ಹಾಕ್ಕೊಳ್ಳಿ.

2/9

ಮೊದಲು ಊರಿನ ಪರಿಚಯ. ಐಸ್‌ಲ್ಯಾಂಡ್ ಇಡೀ ದ್ವೀಪ ಜ್ವಾಲಾಮುಖಿಗಳಿಂದಲೇ ಆದದ್ದು. ವಿಸ್ತೀರ್ಣ ಸುಮಾರು 1,03,000 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನ ಎಷ್ಟು ಗೊತ್ತಾ? ಇಡೀ ದೇಶಕ್ಕೆ ಸೇರಿ ನಾಲ್ಕು ಲಕ್ಷದ ಹತ್ತಿರ.

ನಾವು ಹೊರಟಿರುವುದು ಟ್ರೋಲ್ಲಸ್ಕಾಗಿ ಎಂಬ ಪರ್ಯಾಯ ದ್ವೀಪದ ಸುತ್ತ. ಹೆಸರಿನ ಅರ್ಥ 'ರಾಕ್ಷಸರ ಚಾಚು'. ಸರಿಯಾಗೇ ಇಟ್ಟಿದ್ದಾರೆ. ಲಾವಾ ಒಂದರ ಮೇಲೊಂದು ಪದರವಾಗಿ ಹರಿದು ಬೆಟ್ಟವಾಯ್ತು, ಆಮೇಲೆ ಹಿಮನದಿಗಳು ಆ ಬೆಟ್ಟವನ್ನು ಕೊರೆದು ಆಳದ ಕಣಿವೆ ಮಾಡಿದವು, ಕಣಿವೆಯೊಳಗೆ ಸಮುದ್ರ ನುಗ್ಗಿತು. ಇಂಥ ಕಡಲ ತೋಳಿಗೆ ಅವರ ಭಾಷೆಯಲ್ಲಿ 'ಫ್ಯೋರ್ದುರ್' ಅಂತಾರೆ. ಮುಂದೆ ಬರುವ ಊರುಗಳ ಹೆಸರಿನ ಬಾಲದಲ್ಲೆಲ್ಲ ಇದೇ ಪದ ಇರ್ತದೆ, ಹೆದರಬೇಡಿ.

ಹೋಫ್ಸೋಸಿನಲ್ಲಿ ಕಂಬಕಲ್ಲು ನೋಡಿ ವಾಪಸ್ ಬರುವಾಗ ದಡದಲ್ಲಿ ಕೆಲವು ಹಳೇ ಕಟ್ಟಡ ಸಿಗ್ತವೆ. ಅದು ವಲಸೆಯ ಮ್ಯೂಸಿಯಂ. 1870ರಿಂದ 1914ರ ನಡುವೆ ಈ ದೇಶದಿಂದ ಸುಮಾರು 15 ಸಾವಿರ ಜನ ಹಡಗು ಹತ್ತಿ ಕೆನಡಾ, ಅಮೆರಿಕಕ್ಕೆ ಹೋದರು. ಆಗ ದೇಶದ ಒಟ್ಟು ಜನಸಂಖ್ಯೆಯೇ ಎಪ್ಪತ್ತು ಎಂಬತ್ತು ಸಾವಿರ! ಕಾರಣ ಒಂದಲ್ಲ. ಚಳಿ, ಹುಲ್ಲು ಬೆಳೆಯದ ಬೇಸಿಗೆ, ಸಮುದ್ರದ ಮೇಲೆ ತೇಲಿ ಬಂದು ಬಂದರು ಮುಚ್ಚುವ ಮಂಜುಗಡ್ಡೆ. 1875ರಲ್ಲಿ ಆಸ್ಕ್ಯಾ ಎಂಬ ಜ್ವಾಲಾಮುಖಿ ಸ್ಫೋಟಿಸಿ ಪೂರ್ವ ಭಾಗದ ಹೊಲ, ಹುಲ್ಲುಗಾವಲುಗಳ ಮೇಲೆಲ್ಲ ಬೂದಿ ಸುರಿಯಿತು.

ಇದನ್ನು ಯಾಕೆ ಹೇಳಿದೆ ಅಂದ್ರೆ, 1900ರ ಹೊತ್ತಿಗೆ ಇದು ಯುರೋಪಿನ ತೀರಾ ಬಡ ದೇಶಗಳಲ್ಲಿ ಒಂದು. ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. ಈ ಬಡತನ ನೆನಪಿಟ್ಕೊಂಡು ಮುಂದಿನ ತಿರುವು ನೋಡಿ.

3/9

ಹೋಫ್ಸೋಸ್ ಬಿಟ್ಟು 76ನೇ ನಂಬರಿನ ರಸ್ತೆ ಹಿಡಿದರೆ ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಸ್ವಲ್ಪ ಮುಂದೆ ಆಲ್ಮೆನ್ನಿಂಗರ್ ಎಂಬಲ್ಲಿ ರಸ್ತೆಯ ಮೇಲೆ ಬಿರುಕು, ತೇಪೆ. ಅಲ್ಲಿ ಬೆಟ್ಟದ ಬದಿಯೇ ನಿಧಾನಕ್ಕೆ ಸಮುದ್ರದ ಕಡೆ ಜಾರುತ್ತಾ ಇದೆ. ಪ್ರತಿ ವರ್ಷ ರಸ್ತೆ ಬಿರಿಯುತ್ತೆ, ಪ್ರತಿ ವರ್ಷ ರಿಪೇರಿ. ಮಳೆಗಾಲದ ಶಿರಾಡಿ ಘಾಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬೆಟ್ಟಕ್ಕೆ ಒಂದು ತೂತು. ಸ್ಟ್ರಾಕಾ ಸುರಂಗ. ಸುಮಾರು 800 ಮೀಟರ್ ಉದ್ದ, ಒಂದೇ ವಾಹನ ಹೋಗುವಷ್ಟು ಅಗಲ. ಎದುರಿಗೆ ಗಾಡಿ ಬಂದರೆ ಒಬ್ಬರು ಬದಿಯಲ್ಲಿ ನಿಂತು ದಾರಿ ಬಿಡಬೇಕು. ಇದು ತೆರೆದದ್ದು 1967ರಲ್ಲಿ. ಈ ಇಸವಿ ನೆನಪಿಡಿ, ಪರೀಕ್ಷೆಗೆ ಬರ್ತದೆ (ಸುಮ್ಮನೆ ಹೇಳಿದ್ದು. ಆದ್ರೂ ನೆನಪಿಡಿ).

ಸುರಂಗದಿಂದ ಹೊರಗೆ ಬಂದರೆ ಮೂರು ಕಡೆ ಗೋಡೆಯಂಥ ಬೆಟ್ಟ, ನಡುವೆ ಸಣ್ಣದೊಂದು ಕಡಲ ತೋಳು, ಅದರ ದಡದಲ್ಲಿ ಬಣ್ಣ ಬಣ್ಣದ ಮನೆಗಳು. ಸಿಗ್ಲುಫ್ಯೋರ್ದುರ್. ಉತ್ತರ ಧ್ರುವ ವೃತ್ತಕ್ಕೆ ಇಲ್ಲಿಂದ 50 ಕಿ.ಮೀ. ಕೂಡ ಇಲ್ಲ. ಸುರಂಗಕ್ಕೆ ಮೊದಲು ಇದ್ದದ್ದು ಬೆಟ್ಟದ ನೆತ್ತಿ ದಾಟುವ ಒಂದು ಕಣಿವೆ ದಾರಿ. ಅದರಲ್ಲಿ ಮೋಟಾರು ಓಡುವಂತೆ ಆದದ್ದೇ 1940ರ ದಶಕದಲ್ಲಿ, ಅದೂ ವರ್ಷದ ಹೆಚ್ಚಿನ ಭಾಗ ಹಿಮದಡಿ ಮುಚ್ಚಿರ್ತಿತ್ತು.

ಹಾಗಾದ್ರೆ ಈ ಊರಿಗೆ ಜನ ಹೇಗೆ ಬರ್ತಿದ್ರು? ಸಮುದ್ರದಿಂದ. ಅವರ ಹೈವೇ ಸಮುದ್ರವೇ.

4/9

1903. ಈ ಮೂಲೆಯ ಪುಟ್ಟ ಹಳ್ಳಿಗೆ ನಾರ್ವೆಯ ಹಡಗುಗಳು ಬಂದವು. ಹುಡುಕಿ ಬಂದದ್ದು ಹೆರಿಂಗ್ ಮೀನನ್ನು.

ಹೆರಿಂಗ್ ಅಂದ್ರೆ ಯಾವ ಮೀನು ಅಂತ ತಲೆ ಕೆರ್ಕೊಳ್ಳಬೇಡಿ. ನಮ್ಮ ಬೂತಾಯಿಯ ದೊಡ್ಡಪ್ಪನ ಮಗ ಅಂದ್ಕೊಳ್ಳಿ. ನಿಜವಾಗಿಯೂ ಎರಡೂ ಒಂದೇ ಕುಟುಂಬದ ಮೀನು. ಬೆಳ್ಳಿ ಮೈ, ಎಣ್ಣೆ ತುಂಬಿದ ಮಾಂಸ, ಒಂಟಿಯಾಗಿ ಓಡಾಡುವ ಜಾಯಮಾನವೇ ಅಲ್ಲ, ಹಿಂಡು ಹಿಂಡಾಗಿ ಬರುವುದು. ಈ ಹೆರಿಂಗ್ ನಾರ್ವೆಯ ತೀರದಲ್ಲಿ ಮೊಟ್ಟೆ ಇಟ್ಟು, ಬೇಸಿಗೆಯಲ್ಲಿ ತಿನ್ನುವುದಕ್ಕೆ ಐಸ್‌ಲ್ಯಾಂಡಿನ ಉತ್ತರಕ್ಕೆ ಬರ್ತಿತ್ತು. ಅಂದರೆ ಊಟದ ಮನೆ ಇಲ್ಲಿ, ತೊಟ್ಟಿಲು ಅಲ್ಲಿ.

ನಾರ್ವೆಯವರು ಇಲ್ಲಿ ಮೀನಿಗೆ ಉಪ್ಪು ಹಾಕಿ ಮರದ ಪೀಪಾಯಿಗಳಲ್ಲಿ ತುಂಬಿ ಸಾಗಿಸತೊಡಗಿದರು. ಆಮೇಲೆ ಐಸ್‌ಲ್ಯಾಂಡಿನವರೂ ಕಲಿತರು. ಉಪ್ಪು ಹಾಕುವ ಕೇಂದ್ರಗಳು ಒಂದೊಂದಾಗಿ ಎದ್ದು 20 ದಾಟಿದವು. ಜೊತೆಗೆ ಐದು ಕಾರ್ಖಾನೆ, ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ಮತ್ತು ಪುಡಿ ಮಾಡುವುದಕ್ಕೆ. ನಮ್ಮಲ್ಲಿ ಬೂತಾಯಿ ರಾಶಿ ಬಿದ್ದಾಗ ಫಿಶ್ ಮೀಲ್ ಕಾರ್ಖಾನೆಗೆ ಲಾರಿಗಟ್ಟಲೆ ಹೋಗ್ತದಲ್ಲ, ಅದೇ ಕೆಲಸ. ವಾಸನೆಯೂ ಅದೇ ಇದ್ದಿರಬೇಕು.

1918ರಲ್ಲಿ ಹಳ್ಳಿಗೆ ಪಟ್ಟಣದ ಸ್ಥಾನ ಸಿಕ್ಕಿತು. 1940ರ ದಶಕದಲ್ಲಿ ಜನಸಂಖ್ಯೆ 3,000 ದಾಟಿ ದೇಶದ ದೊಡ್ಡ ಪಟ್ಟಣಗಳಲ್ಲಿ ಒಂದಾಯ್ತು. ಸೀಸನ್ನಿನಲ್ಲಿ ಹೊರಗಿಂದ ಬರುವ ಸಾವಿರಾರು ಜನ ಬೇರೆ. ಬಿರುಗಾಳಿ ಎದ್ದ ದಿನ ನೂರಾರು ಹಡಗು ಒಳಗೆ ಬಂದು ಒಂದಕ್ಕೊಂದು ತಾಗಿ ನಿಲ್ತಿದ್ದವು. ಕೆಲವು ವರ್ಷ ಇಡೀ ದೇಶದ ರಫ್ತು ಆದಾಯದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಈ ಒಂದೇ ಊರಿಂದ ಬರ್ತಿತ್ತು. 1944ರಲ್ಲಿ ಐಸ್‌ಲ್ಯಾಂಡ್ ಗಣರಾಜ್ಯವಾದಾಗ ಅದರ ಕಿಸೆಯಲ್ಲಿದ್ದ ಹಣಕ್ಕೆ ಹೆರಿಂಗ್ ವಾಸನೆ ಇತ್ತು.

ಸರಿಯಾದ ರಸ್ತೆಯೇ ಇಲ್ಲದ ಊರು ಒಂದು ದೇಶವನ್ನು ಸಾಕ್ತಾ ಇತ್ತು!

5/9

ಈ ಭಾಗ ನಮ್ಮ ಮೀನು ಮಾರುವ ಅಮ್ಮಂದಿರಿಗೆ.

ಬೋಟು ದಕ್ಕೆಗೆ ಬಂದ ಕೂಡಲೇ, ರಾತ್ರಿಯೋ ಹಗಲೋ ನೋಡದೆ, ಹೆಂಗಸರನ್ನು ಎಬ್ಬಿಸ್ತಿದ್ರು. ಹೆರಿಂಗ್ ಎಣ್ಣೆ ಮೀನು, ಬೇಗ ಕೆಡ್ತದೆ. ಅಲ್ಲಿ ಬೇಸಿಗೆಯಲ್ಲಿ ರಾತ್ರಿಯೂ ಬೆಳಕೇ, ಹಾಗಾಗಿ ಕೆಲಸ ನಿಲ್ಲಿಸುವುದಕ್ಕೆ ಕತ್ತಲೆಯ ನೆಪವೂ ಇಲ್ಲ. ಸಾಲಾಗಿ ನಿಂತು ಮೀನಿನ ತಲೆ ಕತ್ತರಿಸಿ, ಕರುಳು ತೆಗೆದು, ಪೀಪಾಯಿಯೊಳಗೆ ಬಗ್ಗಿ ಪದರ ಪದರವಾಗಿ ಜೋಡಿಸಿ, ಪ್ರತಿ ಪದರಕ್ಕೂ ಉಪ್ಪು. ಪೀಪಾಯಿ ತುಂಬಿದರೆ ಒಂದು ಸಣ್ಣ ಬಿಲ್ಲೆ ಸಿಗ್ತಿತ್ತು. ಕೈ ತುಂಬ ಉಪ್ಪು, ಮೀನು. ಹಾಗಾಗಿ ಬಿಲ್ಲೆಯನ್ನು ಹಾಕುವುದು ಅವರ ರಬ್ಬರ್ ಬೂಟಿನೊಳಗೆ. ಕೆಲಸ ಮುಗಿದ ಮೇಲೆ ಬೂಟು ಕೊಡವಿ ಎಣಿಸಿದರೆ ಅದೇ ಆ ದಿನದ ಸಂಬಳದ ಲೆಕ್ಕ.

ಇವರನ್ನು ಅಲ್ಲಿ 'ಹೆರಿಂಗ್ ಹುಡುಗಿಯರು' ಅಂತಲೇ ಕರೆಯುತ್ತಾರೆ. ಹೆಸರಿಗೆ ಹುಡುಗಿಯರು, ಅದರಲ್ಲಿ ಅಜ್ಜಿಯರೂ ಇದ್ದರು. ದೇಶದ ಮೂಲೆ ಮೂಲೆಯಿಂದ ಬರ್ತಿದ್ರು. ಮನೆಯ ಜಮೀನಲ್ಲಿ ದುಡಿದರೆ ಕೈಗೆ ಕಾಸು ಸಿಗದ ಕಾಲದಲ್ಲಿ, ತನ್ನದೇ ದುಡಿಮೆಯ ಹಣ ಹಿಡಿದ ಮೊದಲ ತಲೆಮಾರು ಇವರದ್ದು. ಕೂಲಿ ಸಾಲದಾದಾಗ ಮುಷ್ಕರ ಹೂಡಿ ಗೆದ್ದದ್ದೂ ಉಂಟು. ಮೀನು ದಕ್ಕೆಯಲ್ಲಿ ರಾಶಿ ಬಿದ್ದಿದೆ, ಗಂಟೆ ಕಳೆದರೆ ಹಾಳು. ಅಂಥ ಹೊತ್ತಲ್ಲಿ ಚೂರಿ ಕೆಳಗಿಟ್ಟವರ ಮಾತು ಕೇಳದೆ ಮಾಲೀಕರು ಎಲ್ಲಿಗೆ ಹೋಗ್ತಾರೆ?

ಎಲ್ಲವೂ ಸುಖ ಅಂತ ಅಲ್ಲ. 1919ರ ಏಪ್ರಿಲ್‌ನಲ್ಲಿ ಎದುರು ದಡದ ಬೆಟ್ಟದಿಂದ ಹಿಮ ಕುಸಿದು ಒಂದು ಹೆರಿಂಗ್ ಕಾರ್ಖಾನೆಯನ್ನೇ ಕೊಚ್ಚಿಕೊಂಡು ಹೋಯ್ತು. ಮನೆಗಳಲ್ಲಿದ್ದ 9 ಜನ ಸತ್ತರು. ಇವತ್ತು ಊರಿನ ಹಿಂದೆ ಬೆಟ್ಟದ ಬುಡದಲ್ಲಿ ಕಾಣುವ ಉದ್ದದ ಮಣ್ಣಿನ ದಿಬ್ಬಗಳು ಕೋಟೆಯಲ್ಲ, ಹಿಮ ತಡೆಯುವುದಕ್ಕೆ ಕಟ್ಟಿದ್ದು.

6/9

ಈಗ ಬಲೆಯ ಕಥೆ. ನಿಧಾನಕ್ಕೆ ಓದಿ, ಎಲ್ಲ ತಿರುವೂ ಇಲ್ಲೇ ಇರುವುದು.

ಹಳೇ ಪದ್ಧತಿಯಲ್ಲಿ ದೊಡ್ಡ ಹಡಗಿಂದ ಎರಡು ಸಣ್ಣ ದೋಣಿ ಇಳಿಸಿ, ಹಿಂಡಿನ ಸುತ್ತ ಬಲೆ ಬಿಟ್ಟು, ಕೈಯಲ್ಲೇ ಎಳೀಬೇಕಿತ್ತು. ಮೀನು ನೀರಿನ ಮೇಲೆ ಕಾಣಿಸಿದರೆ ಮಾತ್ರ. ಕೆಳಗೆ ಹೋದ ಮೀನು ಬಚಾವ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮೂರು ವಸ್ತು ಬಂದವು. ಒಂದು, ಸೋನಾರ್. ಶತ್ರುಗಳ ಜಲಾಂತರ್ಗಾಮಿ ಹುಡುಕುವುದಕ್ಕೆ ಬಳಸಿದ್ದು, ಈಗ ಮೀನಿನ ಹಿಂಡು ಹುಡುಕುವುದಕ್ಕೆ. ಎರಡು, ನೈಲಾನ್ ಬಲೆ. ಹಗುರ, ಗಟ್ಟಿ, ಕೊಳೆಯುವುದಿಲ್ಲ. ಮೂರು, ಪವರ್ ಬ್ಲಾಕ್. ಹೆಸರು ದೊಡ್ಡದು, ನೋಡಲಿಕ್ಕೆ ಒಂದು ರಾಟೆ. ಆದರೆ ಯಂತ್ರದ ಬಲದಿಂದ ತಿರುಗುವ ರಾಟೆ. ಹತ್ತಾರು ಜನ ಬೆವರು ಸುರಿಸಿ ಎಳೆಯುವ ಬಲೆಯನ್ನು ಅದು ಸಲೀಸಾಗಿ ಮೇಲಕ್ಕೆ ಎತ್ತುತ್ತೆ. 1960ರ ಹೊತ್ತಿಗೆ ಐಸ್‌ಲ್ಯಾಂಡಿನ ಬೋಟುಗಳಿಗೆ ಇದು ಬಂತು. ದೋಣಿ ಇಳಿಸುವ ಕೆಲಸವೇ ಇಲ್ಲ. ಕಾಣದ ಮೀನೂ ಕಾಣ್ತದೆ, ಎಷ್ಟು ದೊಡ್ಡ ಬಲೆಯೂ ಏಳ್ತದೆ.

ಫಲ? 1960ರ ದಶಕದ ನಡುವೆ ಹಿಂದೆಂದೂ ಕಾಣದಷ್ಟು ಮೀನು ಬಿತ್ತು. ಬೋಟಿನವರು ಸಾಲ ತೀರಿಸಿ ಹೊಸ ಬೋಟು ಕಟ್ಟಿಸಿದರು. ಅದೇ ಹೊತ್ತಿಗೆ ಆಚೆ ದಡದ ನಾರ್ವೆಯಲ್ಲಿ, ಇನ್ನೂ ಮೊಟ್ಟೆ ಇಡದ ಮರಿ ಹೆರಿಂಗನ್ನೂ ರಾಶಿ ರಾಶಿ ಹಿಡಿದು ಎಣ್ಣೆ ಕಾರ್ಖಾನೆಗೆ ಹಾಕ್ತಿದ್ರು. ತೊಟ್ಟಿಲಲ್ಲೂ ಬಲೆ, ಊಟದ ಮನೆಯಲ್ಲೂ ಬಲೆ.

ಒಂದು ಸೂಚನೆ ಇತ್ತು. ಮೀನು ಸಿಗ್ತಾ ಇದ್ದದ್ದು ಮೊದಲಿನ ಜಾಗದಲ್ಲಲ್ಲ. ಸಿಗ್ಲುಫ್ಯೋರ್ದುರ್ ಎದುರಿನ ಸಮುದ್ರದಲ್ಲಿ ಕಮ್ಮಿಯಾಗಿ, ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ, ಇನ್ನೂ ದೂರಕ್ಕೆ. ಆದರೆ ಒಟ್ಟು ಲೆಕ್ಕ ಏರ್ತಾನೇ ಇತ್ತಲ್ಲ. ಲೆಕ್ಕ ಏರುವಾಗ ಮೀನು ಕಮ್ಮಿಯಾಗ್ತಿದೆ ಅಂದ್ರೆ ಯಾರು ನಂಬ್ತಾರೆ?

7/9

1967ರಲ್ಲಿ ಸ್ಟ್ರಾಕಾ ಸುರಂಗ ತೆರೆಯಿತು. ಊರಿಗೆ ಕೊನೆಗೂ ಚಳಿಗಾಲದಲ್ಲೂ ಓಡಾಡುವ ರಸ್ತೆ ಬಂತು.

1968ರಲ್ಲಿ ಸಿಗ್ಲುಫ್ಯೋರ್ದುರ್‌ನಲ್ಲಿ ಕೊನೆಯ ಸಲ ಹೆರಿಂಗಿಗೆ ಉಪ್ಪು ಹಾಕಿದರು. ಮುಂದಿನ ವರ್ಷ ಮೀನು ಇಲ್ಲ. ಅದರ ಮುಂದಿನ ವರ್ಷವೂ ಇಲ್ಲ.

64 ವರ್ಷ ರಸ್ತೆಗೆ ಕಾದ ಊರು. ರಸ್ತೆ ಬಂದ ಮರುವರ್ಷ ಮೀನು ಹೋಯ್ತು. ಆ ಸುರಂಗದಿಂದ ಹೊರಗೆ ಹೋದದ್ದು ಪೀಪಾಯಿಗಳಲ್ಲ, ಮನೆ ಸಾಮಾನು ಕಟ್ಟಿಕೊಂಡ ಜನ.

ದೇಶಕ್ಕೂ ಪೆಟ್ಟು ಬಿತ್ತು. ರಫ್ತು ಆದಾಯ ಕುಸಿದು, 1967 ಮತ್ತು 1968, ಎರಡು ವರ್ಷ ಸಾಲಾಗಿ ಸರ್ಕಾರ ತನ್ನ ಹಣದ ಬೆಲೆ ಇಳಿಸಬೇಕಾಯ್ತು. ಕೆಲಸ ಹುಡುಕಿ ಜನ ಸ್ವೀಡನ್ನಿಗೆ, ಆಸ್ಟ್ರೇಲಿಯಾಕ್ಕೂ ಹೋದರು. ಹೋಫ್ಸೋಸಿನ ಮ್ಯೂಸಿಯಂ ನೆನಪಾಯ್ತಾ?

ಯಾಕೆ ಹೋಯ್ತು ಮೀನು? ಎರಡು ಉತ್ತರ ಉಂಟು.

ಮೊದಲನೆಯದು, ಸಮುದ್ರ. 1965ರ ನಂತರ ಉತ್ತರದ ನೀರು ತಣ್ಣಗಾಯ್ತು, ತೇಲುವ ಮಂಜುಗಡ್ಡೆ ಮತ್ತೆ ತೀರಕ್ಕೆ ಬಂತು, ಮೀನಿನ ಆಹಾರ ಕಮ್ಮಿಯಾಯ್ತು. ಹೆರಿಂಗ್ ಹಿಂದೆಯೂ ಹೀಗೆ ಮಾಡಿದ್ದುಂಟು. ನಾರ್ವೆಯ ತೀರದಲ್ಲಿ ನೂರಾರು ವರ್ಷಗಳಿಂದ ಅದು ಕೆಲವು ದಶಕ ತುಂಬಿ ಬರುವುದು, ಕೆಲವು ದಶಕ ಮಾಯವಾಗುವುದು ದಾಖಲಾಗಿದೆ. ಹಾಗಾಗಿ ಇದು ಹೊಸದೇನಲ್ಲ, ತಾನಾಗಿ ಹೋದದ್ದು ತಾನಾಗಿ ಬರ್ತದೆ ಅಂತ ನಂಬಿದವರು ತುಂಬ ಜನ.

ಎರಡನೆಯದು, ಬಲೆ. 1950ರ ದಶಕದಲ್ಲಿ ಮೊಟ್ಟೆ ಇಡುವ ದೊಡ್ಡ ಹೆರಿಂಗ್ ಒಂದು ಕೋಟಿ ಟನ್ನಿನ ಆಸುಪಾಸು ಇತ್ತು ಅಂತ ವಿಜ್ಞಾನಿಗಳ ಅಂದಾಜು. 1970ರ ದಶಕದ ಆರಂಭಕ್ಕೆ ಅದರಲ್ಲಿ ನೂರಕ್ಕೆ ಒಂದು ಪಾಲೂ ಉಳಿದಿರಲಿಲ್ಲ. ಬರೇ ಚಳಿಯಾದರೆ ಮೀನು ಜಾಗ ಬದಲಿಸಬೇಕು, ಇಷ್ಟು ಇಲ್ಲವಾಗಬಾರದು.

ಇವತ್ತಿನ ತಿಳುವಳಿಕೆ ಏನೆಂದರೆ ಎರಡೂ ಸೇರಿತ್ತು. ಸಮುದ್ರ ಮೀನನ್ನು ಕಷ್ಟಕ್ಕೆ ದೂಡಿತು. ಹಿಂದಿನ ಸಲಗಳಲ್ಲಿ ಅಂಥ ಕಷ್ಟದ ಕಾಲ ದಾಟಿ ಮತ್ತೆ ಹೆಚ್ಚುವುದಕ್ಕೆ ಬೇಕಾದಷ್ಟು ಮೀನು ಉಳಿದಿರ್ತಿತ್ತು. ಈ ಸಲ ಬಲೆ ಅದನ್ನು ಉಳಿಸಿರಲಿಲ್ಲ.

8/9

ಮೀನು ಹೋದ ಊರಲ್ಲಿ ಏನುಳಿಯುತ್ತೆ? ಖಾಲಿ ದಕ್ಕೆ, ತುಕ್ಕು ಹಿಡಿದ ಕಾರ್ಖಾನೆ, ವಯಸ್ಸಾದವರು.

ಇಪ್ಪತ್ತು ವರ್ಷದ ನಂತರ ಊರಿನ ಕೆಲವರು ಸೇರಿ ಬೀಳುವ ಹಾಗಿದ್ದ ಒಂದು ಕಟ್ಟಡ ರಿಪೇರಿ ಮಾಡತೊಡಗಿದರು. 1907ರಲ್ಲಿ ನಾರ್ವೆಯವರು ಕಟ್ಟಿದ ಉಪ್ಪಿನ ಕೇಂದ್ರ ಅದು. ಕೆಳಗೆ ಕೆಲಸ, ಮೇಲೆ ಹೆರಿಂಗ್ ಹುಡುಗಿಯರ ಮಲಗುವ ಕೋಣೆ. 1994ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಆಮೇಲೆ ಹಳೇ ಕಾರ್ಖಾನೆಯ ಯಂತ್ರಗಳು, ಹಳೇ ಬೋಟುಗಳೂ ಸೇರಿದವು. 2004ರಲ್ಲಿ ಯುರೋಪಿನ ಕೈಗಾರಿಕಾ ಮ್ಯೂಸಿಯಂಗಳಿಗೆ ಕೊಡುವ ಮಿಕೆಲೆಟ್ಟಿ ಪ್ರಶಸ್ತಿ ಬಂತು. ಬೇಸಿಗೆಯಲ್ಲಿ ಈಗಲೂ ದಕ್ಕೆಯಲ್ಲಿ ಪೀಪಾಯಿ ಇಟ್ಟು ಹೆರಿಂಗಿಗೆ ಉಪ್ಪು ಹಾಕಿ ತೋರಿಸ್ತಾರೆ.

ಈಗ ಮುಂದಕ್ಕೆ ಹೊರಡೋಣ. 2010ರಲ್ಲಿ ಇನ್ನೆರಡು ಸುರಂಗ ತೆರೆದವು, ಒಟ್ಟು ಸುಮಾರು 11 ಕಿ.ಮೀ. ಪಕ್ಕದ ಓಲಫ್ಸ್‌ಫ್ಯೋರ್ದುರ್‌ಗೆ 62 ಕಿ.ಮೀ. ಇದ್ದ ದಾರಿ 15ಕ್ಕೆ ಇಳಿಯಿತು. ಮೊದಲು ಹಿಮ ಬಿದ್ದರೆ 200 ಕಿ.ಮೀ.ಗೂ ಹೆಚ್ಚು ಸುತ್ತಬೇಕಿತ್ತು. ಮೊದಲ ಸುರಂಗ ಮುಗಿದು ಎರಡನೆಯದು ಶುರುವಾಗುವ ನಡುವೆ ಸ್ವಲ್ಪ ಹೊತ್ತು ಆಕಾಶ ಕಾಣ್ತದೆ. ಅಲ್ಲಿ ಗಾಡಿ ನಿಲ್ಲಿಸಿ. ಅದು ಹೇದಿನ್ಸ್‌ಫ್ಯೋರ್ದುರ್. ಕೊನೆಯ ಸಂಸಾರ 1951ರಲ್ಲಿ ಬಿಟ್ಟು ಹೋದ ಕಣಿವೆ. ಜನ ಇದ್ದಾಗ ರಸ್ತೆ ಇರಲಿಲ್ಲ, ರಸ್ತೆ ಬಂದಾಗ ಜನ ಇಲ್ಲ.

ಹಾಗಂತ ಈ ಸುರಂಗ ದಂಡ ಅಂತ ಅಲ್ಲ. ಸಿಗ್ಲುಫ್ಯೋರ್ದುರ್‌ನಲ್ಲಿ ಇವತ್ತಿಗೂ ಸುಮಾರು 1,200 ಜನ ಇದ್ದಾರೆ. ಶಾಲೆ, ಆಸ್ಪತ್ರೆ, ಕೆಲಸಕ್ಕೆ ಓಡಾಡ್ತಾರೆ, ಮ್ಯೂಸಿಯಂ ನೋಡಲು ಪ್ರವಾಸಿಗರು ಬರ್ತಾರೆ. ಮೀನಿನ ಕಾಲಕ್ಕೆ ಸಿಗದ ದಾರಿ ಉಳಿದವರ ಕಾಲಕ್ಕೆ ಸಿಕ್ಕಿತು.

ಹೆರಿಂಗ್ ಏನಾಯ್ತು? 1970ರ ದಶಕದಲ್ಲಿ ಹಿಡಿಯುವುದಕ್ಕೆ ಬಿಗಿ ಮಿತಿ ಹಾಕಿದರು. 1983ರಲ್ಲಿ ಹುಟ್ಟಿದ ಮರಿಗಳು ದೊಡ್ಡ ಸಂಖ್ಯೆಯಲ್ಲಿ ಉಳಿದು ಬೆಳೆದವು. 1990ರ ದಶಕದಲ್ಲಿ ಸಂಖ್ಯೆ ಮತ್ತೆ ಏರಿ, ದೇಶ ದೇಶಗಳು ಕೂತು ಪಾಲಿನ ಒಪ್ಪಂದ ಮಾಡಿಕೊಂಡವು. ಕಾಯುವುದಕ್ಕೆ ಹಿಡಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಆದರೆ ಸಿಗ್ಲುಫ್ಯೋರ್ದುರ್‌ನ ಆ ಕಾಲ ವಾಪಸ್ ಬರಲಿಲ್ಲ.

9/9

ಇನ್ನೊಂದು ಒಂಟಿ ಪಥದ ಸುರಂಗ ದಾಟಿ 82ನೇ ರಸ್ತೆಯಲ್ಲಿ ದಾಲ್ವಿಕ್. 1934ರ ಜೂನ್ 2ರಂದು ಭೂಕಂಪಕ್ಕೆ ನಡುಗಿದ ಊರು. ಮುಂದೆ ಕಡಲ ಕಡೆ ತಿರುಗಿದರೆ ಹ್ಯಾಲ್ಟೇರಿ, 1937ರ ಹೆರಿಂಗ್ ಕಾರ್ಖಾನೆಯ ದೊಡ್ಡ ಕಾಂಕ್ರೀಟ್ ಕಟ್ಟಡ ಇನ್ನೂ ನಿಂತಿದೆ, ಒಳಗೆ ಮೀನಿಲ್ಲ. ಆಮೇಲೆ ಅಕುರೇರಿ. ಟ್ರಿಪ್ ಮುಗಿಯಿತು.

ಈಗ ಮನೆಯ ಜಗಳ.

ನನ್ನ ಅಜ್ಜ ರಂಪಣಿ ಎಳೀತಿದ್ರು. ದಡದಿಂದ ಬಿಡುವ ದೊಡ್ಡ ಬಲೆ, ಊರಿಗೆ ಊರೇ ಎರಡೂ ತುದಿ ಹಿಡಿದು ಎಳೆಯುವುದು, ಬಂದದ್ದರಲ್ಲಿ ಪಾಲು. 1970ರ ದಶಕದಲ್ಲಿ ನಮ್ಮ ಕರಾವಳಿಗೆ ಪರ್ಸಿನ್ ಬೋಟು ಬಂತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ದಡ ಬಿಟ್ಟವು. ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿಯಿತು. ನನ್ನ ಅಪ್ಪ ಹೋಗುವುದು ಪರ್ಸಿನ್ ಬೋಟಿಗೆ. ನನ್ನ ಕಾಲೇಜಿನ ಫೀಸು ಬಂದದ್ದು ಆ ಬಲೆಯಿಂದ.

ಬೂತಾಯಿ ಸಿಗದ ವರ್ಷ ನಮ್ಮ ಮನೆಯಲ್ಲಿ ಇದೇ ಮಾತು. ಅಜ್ಜ ಹೇಳುವುದು, "ಪರ್ಸಿನ್ ಬಂದ ಮೇಲೆ ದಡಕ್ಕೆ ಮೀನು ಬರ್ಲಿಲ್ಲ." ಅಪ್ಪ ಹೇಳುವುದು, "ನೀರು ಬಿಸಿಯಾದ್ರೆ ಬೂತಾಯಿ ಬರುದಿಲ್ಲ, ಬಲೆ ಎಂತ ಮಾಡ್ತದೆ?" ಬಲೆಯಾ, ಸಮುದ್ರವಾ. ಸಿಗ್ಲುಫ್ಯೋರ್ದುರ್‌ನವರ ಪ್ರಶ್ನೆ ನಮ್ಮ ಊಟದ ಬಟ್ಟಲ ಎದುರು!

ಬೂತಾಯಿ ಹೆರಿಂಗಿನಂತೆಯೇ ಅಂತ ನಾನು ಹೇಳುವುದಿಲ್ಲ. ಹೆರಿಂಗ್ ಇಪ್ಪತ್ತು ವರ್ಷ ಬದುಕಬಲ್ಲ ಮೀನು, ಬೂತಾಯಿಯ ಆಯುಷ್ಯ ಎರಡು ಮೂರು ವರ್ಷ. ಬೇಗ ಹೋಗ್ತದೆ, ಬೇಗ ಹೆಚ್ಚುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟಿಗೆ ರಜೆಯೂ ಉಂಟು. ಆದರೆ ಆ ಊರಿನ ಕಥೆ ಓದಿದ ಮೇಲೆ ಒಂದು ಗೊತ್ತಾಯ್ತು. ಅಜ್ಜನ ಮಾತೂ ಸರಿ ಇರಬಹುದು, ಅಪ್ಪನ ಮಾತೂ ಸರಿ ಇರಬಹುದು. ಆದ್ರೆ ನೀರಿನ ಬಿಸಿ ಅಪ್ಪನ ಕೈಯಲ್ಲಿಲ್ಲ, ಬಲೆ ಅಪ್ಪನ ಕೈಯಲ್ಲಿ ಉಂಟು. ಸಮುದ್ರ ಕೈಕೊಡುವ ವರ್ಷಕ್ಕೆ ಎಷ್ಟು ಮೀನು ಉಳಿದಿರಬೇಕು ಅನ್ನುವುದನ್ನು ಬಲೆ ಹಿಡಿದವರು ಮೀನು ರಾಶಿ ಬೀಳುವ ವರ್ಷದಲ್ಲೇ ಯೋಚಿಸಬೇಕು. ಇದನ್ನು ಅಪ್ಪನಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ಊರಲ್ಲಿ ಈಗ ಬೋಟು ಎಷ್ಟುಂಟು?" ಅಂತ ಕೇಳಿದರು.

ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ರಂಪಣಿ ಎಳೆದ, ಮೀನು ಹೊತ್ತು ಮಾರಿದ ಅಜ್ಜ ಅಜ್ಜಿ ಇದ್ದರೆ ಈ ವಾರ ಕೂತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ. ಬೂಟಿನೊಳಗಿನ ಬಿಲ್ಲೆಯ ಕಥೆ ಇವತ್ತು ನಮಗೆ ಸಿಕ್ಕಿದ್ದು ಅಲ್ಲಿ ಯಾರೋ ಕೇಳಿ ಎತ್ತಿಟ್ಟದ್ದರಿಂದ. ನಮ್ಮ ದಡದ್ದನ್ನು ನಾವು ಕೇಳದಿದ್ರೆ ಮತ್ಯಾರು ಕೇಳ್ತಾರೆ?

ಸಿಕ್ಕಿದ್ದನ್ನು ನನಗೆ ಕಳಿಸಿ. ಮುಂದಿನ ಸರಣಿ ಅದೇ.

#ಬೆರಳಿನಪ್ರಯಾಣ #ಇತಿಹಾಸ #ಕರಾವಳಿ #ರಂಪಣಿ